ಫಿಫ್ತ್ ವೀಲ್ ಟ್ರೇಲರ್ ಮತ್ತು ಡೀಸೆಲ್ ಪಿಕಪ್: ಭಾರದ ಲೆಕ್ಕದಿಂದ ಬಿಚ್ಚುವ ಕ್ರಮದವರೆಗೆ

ಅಮೆರಿಕ ಮತ್ತು ಕೆನಡಾದ ಹೆದ್ದಾರಿಗಳಲ್ಲಿ ಓಡಾಡುವ ಪ್ರವಾಸಿ ಟ್ರೇಲರ್‌ಗಳಲ್ಲಿ ಫಿಫ್ತ್ ವೀಲ್ ಎಂಬುದು ಬೇರೆಯೇ ಬಗೆಯದು. ಸಾಮಾನ್ಯ ಟ್ರೇಲರ್ ಎಳೆಯುವ ವಾಹನದ ಬಂಪರ್ ಕೆಳಗಿರುವ ಉಕ್ಕಿನ ಚೆಂಡಿಗೆ ಜೋಡಣೆಯಾಗುತ್ತದೆ. ಫಿಫ್ತ್ ವೀಲ್‌ನ ಮುಂಭಾಗವಾದರೋ ಪಿಕಪ್‌ನ ಹಿಂದಿನ ತೆರೆದ ಸರಕುಭಾಗವಾದ ಬೆಡ್‌ನ ಮೇಲಕ್ಕೆ ಚಾಚಿಕೊಂಡು ಬರುತ್ತದೆ. ಆ ಭಾಗದ ತಳದಿಂದ ಇಳಿದಿರುವ, 2 ಇಂಚು ವ್ಯಾಸದ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟವು ಬೆಡ್‌ನಲ್ಲಿ ಬಿಗಿದಿರುವ ಹಿಚ್ ಎಂಬ ಕೊಂಡಿಯ ದವಡೆಗಳ ನಡುವೆ ಕೂರುತ್ತದೆ. ಹೀಗೆ ಭಾರವು ಪಿಕಪ್‌ನ ಹಿಂದಿನ ಆಕ್ಸಲ್‌ನ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಬೀಳುವುದರಿಂದ ಟ್ರೇಲರ್ ಅತ್ತಿತ್ತ ಓಲಾಡುವುದು ಬಹಳ ಕಡಿಮೆ. ಇದೇ ಈ ಜೋಡಣೆಯ ದೊಡ್ಡ ಗುಣ. ಆದರೆ ಅದೇ ಕಾರಣಕ್ಕೆ ಟ್ರೇಲರ್‌ನ ಸುಮಾರು ಐದನೆಯ ಒಂದು ಭಾಗದಷ್ಟು ತೂಕವನ್ನು ಪಿಕಪ್ ಬೆನ್ನ ಮೇಲೆ ಹೊರಬೇಕಾಗುತ್ತದೆ ಎಂಬುದನ್ನು ಕೊಳ್ಳುವ ಹೊತ್ತಿನಲ್ಲಿ ಬಹಳ ಜನ ಮರೆಯುತ್ತಾರೆ.

ಈ ಬರಹದ ಮುಖ್ಯ ಮಾತು ಅದೇ. ಇಂದಿನ ಡೀಸೆಲ್ ಪಿಕಪ್ ಎಷ್ಟು ಎಳೆಯಬಲ್ಲದು ಎಂಬುದು ಬಹುಮಟ್ಟಿಗೆ ತೊಂದರೆಯ ಪ್ರಶ್ನೆಯಲ್ಲ. ಎಷ್ಟು ಹೊರಬಲ್ಲದು, ಇಳಿಜಾರಿನಲ್ಲಿ ಎಷ್ಟನ್ನು ಹಿಡಿದು ನಿಲ್ಲಿಸಬಲ್ಲದು ಎಂಬುದೇ ನಿಜವಾದ ಪ್ರಶ್ನೆ. 2019ರ ಮಾದರಿಯ ರಾಮ್ 3500ರಲ್ಲಿ 6.7 ಲೀಟರ್‌ನ ಕಮಿನ್ಸ್ ಎಂಜಿನ್ 1,000 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ) ಮುಟ್ಟಿತು. ಫೋರ್ಡ್‌ನ ಪವರ್ ಸ್ಟ್ರೋಕ್ ಮತ್ತು ಜನರಲ್ ಮೋಟರ್ಸ್‌ನ ಡ್ಯೂರಮ್ಯಾಕ್ಸ್ ಎಂಜಿನ್‌ಗಳೂ ಅದೇ ಸಾಲಿನಲ್ಲಿವೆ. ಇಷ್ಟು ಬಲದ ಎಂಜಿನ್ ಮಿತಿ ಮೀರಿದ ಹೊರೆಯನ್ನೂ ಸಲೀಸಾಗಿ ಎಳೆದುಕೊಂಡು ಹೋಗುತ್ತದೆ. ಚಾಲಕನಿಗೆ ಯಾವ ಸೂಚನೆಯೂ ಸಿಗುವುದಿಲ್ಲ. ಸೂಚನೆ ಸಿಗುವುದು ಟೈರ್ ಸಿಡಿದಾಗ ಅಥವಾ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ತಪ್ಪಿದಾಗ, ಅಂದರೆ ಸರಿಪಡಿಸಿಕೊಳ್ಳುವ ಹೊತ್ತು ಮೀರಿದ ಮೇಲೆ.

ಮೊದಲು ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಓದಿ

ಮಾರಾಟದ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಎಳೆಯುವ ಸಾಮರ್ಥ್ಯ. ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ಆ ಸಂಖ್ಯೆಯನ್ನು ನಿರ್ಧರಿಸುವಾಗ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ದೀರ್ಘ ಏರುದಾರಿಗೆ ಸಮನಾದ ಪರೀಕ್ಷೆ ಮಾಡುತ್ತಾರೆ. ವಾಹನದಲ್ಲಿ ತಲಾ 150 ಪೌಂಡ್ ತೂಕದ ಚಾಲಕ ಮತ್ತು ಒಬ್ಬ ಪ್ರಯಾಣಿಕ ಇದ್ದಾರೆಂದು ಲೆಕ್ಕ ಹಿಡಿಯುತ್ತಾರೆ. ನಿಮ್ಮ ಕುಟುಂಬದ ಉಳಿದವರು, ನಾಯಿ, ಉಪಕರಣಗಳ ಪೆಟ್ಟಿಗೆ ಯಾವುದೂ ಅದರಲ್ಲಿ ಸೇರಿಲ್ಲ.

ನಿಮ್ಮ ಪಿಕಪ್‌ಗೆ ಅನ್ವಯಿಸುವ ಸಂಖ್ಯೆ ಚಾಲಕನ ಬಾಗಿಲು ತೆರೆದಾಗ ಚೌಕಟ್ಟಿನ ಮೇಲೆ ಕಾಣುವ ಟೈರ್ ಮತ್ತು ಹೊರೆಯ ಸ್ಟಿಕ್ಕರ್‌ನಲ್ಲಿದೆ. ಜನರ ಮತ್ತು ಸರಕಿನ ಒಟ್ಟು ತೂಕ ಇಷ್ಟನ್ನು ಎಂದಿಗೂ ಮೀರಬಾರದು ಎಂದು ಅದರ ಮೇಲೆ ಬರೆದಿರುತ್ತದೆ. ಇದೇ ಪೇಲೋಡ್. ಒಂದೇ ಹೆಸರಿನ, ಒಂದೇ ವರ್ಷದ ಎರಡು ಪಿಕಪ್‌ಗಳಲ್ಲಿಯೂ ಈ ಸಂಖ್ಯೆ ನೂರಾರು ಪೌಂಡ್ ಬೇರೆಯಾಗಿರಬಹುದು. ಏಕೆಂದರೆ ಡೀಸೆಲ್ ಎಂಜಿನ್, ನಾಲ್ಕು ಗಾಲಿಗಳ ಚಾಲನೆ, ದೊಡ್ಡ ಕ್ಯಾಬಿನ್, ಗಾಜಿನ ಮೇಲ್ಛಾವಣಿ ಮುಂತಾದ ಪ್ರತಿ ಸೌಕರ್ಯವೂ ತನ್ನ ತೂಕವನ್ನು ಪೇಲೋಡ್‌ನಿಂದಲೇ ಕಳೆಯುತ್ತದೆ. ಆದುದರಿಂದ ಪುಸ್ತಿಕೆಯ ಸಂಖ್ಯೆಯನ್ನು ಬದಿಗಿಟ್ಟು ನಿಮ್ಮ ಬಾಗಿಲಿನ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದರ ಪಕ್ಕದ ಇನ್ನೊಂದು ಸ್ಟಿಕ್ಕರ್‌ನಲ್ಲಿ ವಾಹನದ ಒಟ್ಟು ತೂಕದ ಮಿತಿ ಹಾಗೂ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಪ್ರತ್ಯೇಕ ಮಿತಿಗಳು ಇರುತ್ತವೆ, ಅವನ್ನೂ ಬರೆದುಕೊಳ್ಳಿ. ಪಿಕಪ್ ಮತ್ತು ಟ್ರೇಲರ್ ಸೇರಿದ ಜೋಡಿಯ ಮಿತಿಯನ್ನು ಮಾಲೀಕರ ಕೈಪಿಡಿಯಲ್ಲಿ ಅಥವಾ ತಯಾರಕರು ಪ್ರಕಟಿಸುವ ಟ್ರೇಲರ್ ಮಾರ್ಗದರ್ಶಿಯಲ್ಲಿ ನೋಡಬೇಕು.

ಟ್ರೇಲರ್ ಕಡೆಗೆ ಬಂದರೆ, ಅಲ್ಲಿಯೂ ಪುಸ್ತಿಕೆಯ ಖಾಲಿ ತೂಕವನ್ನು ನಂಬಿ ಲೆಕ್ಕ ಹಾಕಬಾರದು. ಖಾಲಿ ಟ್ರೇಲರ್‌ನಲ್ಲಿ ಯಾರೂ ಪ್ರಯಾಣ ಹೊರಡುವುದಿಲ್ಲ. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್ ತೂಗುತ್ತದೆ. 60 ಗ್ಯಾಲನ್‌ನ ತೊಟ್ಟಿ ತುಂಬಿದರೆ 500 ಪೌಂಡ್ ಏರಿತು. ಫಿಫ್ತ್ ವೀಲ್‌ನಲ್ಲಿ ಮಲಗುವ ಕೋಣೆಯ ಕಪಾಟು, ಅದರ ಕೆಳಗಿನ ದೊಡ್ಡ ಸಾಮಾನುಗೂಡು, ಬ್ಯಾಟರಿ ಮತ್ತು ಪ್ರೋಪೇನ್ ಸಿಲಿಂಡರ್ ಸಾಮಾನ್ಯವಾಗಿ ಮುಂಭಾಗದಲ್ಲಿಯೇ ಇರುವುದರಿಂದ ಸಾಮಾನು ತುಂಬಿದಷ್ಟೂ ಕಿಂಗ್‌ಪಿನ್ ಮೇಲಿನ ಭಾರ ಏರುತ್ತದೆ. ಬಂಪರ್‌ಗೆ ಜೋಡಿಸುವ ಟ್ರೇಲರ್‌ನಲ್ಲಿ ಮುಂಭಾರ ಟ್ರೇಲರ್ ತೂಕದ 10ರಿಂದ 15 ಶೇಕಡಾ ಇದ್ದರೆ ಸಾಕು. ಫಿಫ್ತ್ ವೀಲ್‌ನ ಪಿನ್ ಭಾರ 15ರಿಂದ 25 ಶೇಕಡಾ ಇರುತ್ತದೆ. ಕೊಳ್ಳುವ ಮೊದಲು ಲೆಕ್ಕ ಹಾಕುವವರು ಟ್ರೇಲರ್‌ನ ಗರಿಷ್ಠ ತೂಕದ 20 ಶೇಕಡಾವನ್ನು ಪಿನ್ ಭಾರವೆಂದು ಹಿಡಿದರೆ ಬಹುತೇಕ ಸರಿಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ಒಟ್ಟು ತೂಕದ ಮಿತಿ 10,000 ಪೌಂಡ್ ಇರುವ, ಒಂಟಿ ಹಿಂಗಾಲಿಗಳ ಮುಕ್ಕಾಲು ಟನ್ ವರ್ಗದ (ರಾಮ್ 2500ರಂಥ) ಡೀಸೆಲ್ ಪಿಕಪ್‌ನ ಸ್ಟಿಕ್ಕರ್ 2,300 ಪೌಂಡ್ ಪೇಲೋಡ್ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ ಸೇರಿ 330 ಪೌಂಡ್, ಹಿಚ್ 170 ಪೌಂಡ್, ಚಿಲ್ಲರೆ ಸಾಮಾನು 100 ಪೌಂಡ್ ಎಂದರೆ ಆಗಲೇ 600 ಕಳೆಯಿತು, ಉಳಿದದ್ದು 1,700. ತುಂಬಿದಾಗ 12,000 ಪೌಂಡ್ ತೂಗುವ ಟ್ರೇಲರ್‌ನ ಪಿನ್ ಭಾರ 2,400. ಎಳೆಯುವ ಸಾಮರ್ಥ್ಯದ ಪಟ್ಟಿಯಲ್ಲಿ ಈ ಟ್ರೇಲರ್ ಪಿಕಪ್‌ಗೆ ಹಗುರವೆಂದೇ ಕಾಣುತ್ತದೆ, ಆದರೆ ಹೊರುವ ಲೆಕ್ಕದಲ್ಲಿ 700 ಪೌಂಡ್ ಮಿತಿ ಮೀರಿತು. ಇಂಥ ಟ್ರೇಲರ್‌ಗೆ ಒಂದು ಟನ್ ವರ್ಗದ (ರಾಮ್ 3500ರಂಥ) ಪಿಕಪ್ ಬೇಕು. ಟ್ರೇಲರ್ 15,000 ಪೌಂಡ್ ದಾಟುತ್ತದೆ ಎಂದಾದರೆ ಹಿಂದೆ ಜೋಡಿಗಾಲಿ ಇರುವ ಪಿಕಪ್ ಬೇಕು ಎಂಬುದು ನನ್ನ ಅಭಿಪ್ರಾಯ. ಜೋಡಿಗಾಲಿಯಿಂದ ಹೊರುವ ಶಕ್ತಿಯ ಜೊತೆಗೆ ಪಕ್ಕದ ಗಾಳಿಗೆ ಕದಲದ ಸ್ಥಿರತೆ ಬರುತ್ತದೆ, ಒಂದು ಟೈರ್ ಸಿಡಿದರೂ ಅದರ ಪಕ್ಕದ್ದು ವಾಹನವನ್ನು ಹಿಡಿದು ನಿಲ್ಲಿಸುತ್ತದೆ.

ಹಿಂಭಾಗ ಕುಸಿಯದಂತೆ ಗಾಳಿಚೀಲಗಳನ್ನು ಅಳವಡಿಸಿಕೊಂಡವರು ಪೇಲೋಡ್ ಹೆಚ್ಚಿತೆಂದು ಭಾವಿಸುವುದುಂಟು. ಗಾಳಿಚೀಲ ಪಿಕಪ್ ಅನ್ನು ಮಟ್ಟವಾಗಿ ನಿಲ್ಲಿಸುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ಚಕ್ರ, ಟೈರ್, ಬ್ರೇಕ್ ಮೊದಲಿದ್ದಂತೆಯೇ ಇರುತ್ತವೆ. ಸ್ಟಿಕ್ಕರ್‌ನ ಸಂಖ್ಯೆಯೂ ಬದಲಾಗುವುದಿಲ್ಲ.

ತೂಕದ ಸೇತುವೆಯ ಮೇಲೆ ಖಚಿತಪಡಿಸಿಕೊಳ್ಳುವುದು

ಲೆಕ್ಕ ಏನೇ ಹೇಳಲಿ, ಪ್ರಯಾಣಕ್ಕೆ ಸಜ್ಜಾದ ಸ್ಥಿತಿಯಲ್ಲಿ ಒಮ್ಮೆ ತೂಗಿ ನೋಡಲೇಬೇಕು. ಅಮೆರಿಕದ ಟ್ರಕ್ ತಂಗುದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಸೇತುವೆಗಳಿವೆ. ಪ್ರವಾಸಿ ವಾಹನದವರೂ ಅವನ್ನು ಬಳಸಬಹುದು. ಸೇತುವೆ ಪ್ರತ್ಯೇಕ ಹಲಗೆಗಳಾಗಿ ಇರುತ್ತದೆ. ಪಿಕಪ್‌ನ ಮುಂಗಾಲಿ ಮೊದಲ ಹಲಗೆಯ ಮೇಲೆ, ಹಿಂಗಾಲಿ ಎರಡನೆಯದರ ಮೇಲೆ, ಟ್ರೇಲರ್‌ನ ಎಲ್ಲ ಗಾಲಿಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿದರೆ ಮೂರೂ ತೂಕ ಬೇರೆ ಬೇರೆಯಾಗಿ ಮುದ್ರಿತವಾಗಿ ಕೈಗೆ ಬರುತ್ತವೆ. ಆಮೇಲೆ ಟ್ರೇಲರ್ ಅನ್ನು ನಿಲುಗಡೆಯಲ್ಲಿ ಬಿಟ್ಟು, ಅದೇ ಜನ, ಅದೇ ಇಂಧನ ಇರುವಾಗ ಪಿಕಪ್ ಒಂದನ್ನೇ ಮತ್ತೆ ತೂಗಬೇಕು.

ಮೇಲಿನ ಉದಾಹರಣೆಯ ಪಿಕಪ್ ಒಂಟಿಯಾಗಿ ಮುಂದೆ 4,800, ಹಿಂದೆ 3,500, ಒಟ್ಟು 8,300 ಪೌಂಡ್ ತೂಗಿತೆನ್ನಿ. ಟ್ರೇಲರ್ ಜೋಡಿಸಿದಾಗ ಮುಂದೆ 4,860, ಹಿಂದೆ 5,840, ಟ್ರೇಲರ್ ಗಾಲಿಗಳ ಮೇಲೆ 9,600 ಬಂತೆನ್ನಿ. ಪಿಕಪ್‌ನ ಎರಡು ಆಕ್ಸಲ್ ಸೇರಿ 10,700. ಅದರಲ್ಲಿ 8,300 ಕಳೆದರೆ ಪಿನ್ ಭಾರ 2,400. ಅದನ್ನು 9,600ಕ್ಕೆ ಕೂಡಿಸಿದರೆ ಟ್ರೇಲರ್‌ನ ನಿಜವಾದ ತೂಕ 12,000, ಪಿನ್ ಭಾರ ಅದರ 20 ಶೇಕಡಾ. ಮುಂದಿನ ಆಕ್ಸಲ್‌ನ ತೂಕ ಇಲ್ಲಿ ಬಹುತೇಕ ಬದಲಾಗಿಲ್ಲ, ಬಂದ ಭಾರವೆಲ್ಲ ಹಿಂದಿನ ಆಕ್ಸಲ್‌ಗೆ ಹೋಗಿದೆ. ಫಿಫ್ತ್ ವೀಲ್‌ನ ಸ್ವಭಾವವೇ ಅದು.

ಹಿಂದಿನ ಆಕ್ಸಲ್ ತನ್ನ ಮಿತಿಯೊಳಗೇ ಇದೆ, ಟೈರ್‌ಗಳೂ ತಾಳುತ್ತವೆ, ಹಾಗಿರುವಾಗ ಒಟ್ಟು ಮಿತಿ ಸ್ವಲ್ಪ ಮೀರಿದರೇನು ಎಂದು ವಾದಿಸುವ ಅನುಭವಸ್ಥರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಒಟ್ಟು ತೂಕದ ಮಿತಿಯನ್ನು ನಿಗದಿ ಮಾಡಿದವರು ಚೌಕಟ್ಟು, ಬ್ರೇಕ್, ಸಸ್ಪೆನ್ಷನ್ ಎಲ್ಲವನ್ನೂ ಬಲ್ಲವರು, ಮತ್ತು ಅಪಘಾತವಾದಾಗ ವಕೀಲರೂ ವಿಮೆಯವರೂ ಮೊದಲು ನೋಡುವುದು ಆ ಸ್ಟಿಕ್ಕರ್ ಅನ್ನೇ.

ಹಿಚ್, ಬೆಡ್ ಮತ್ತು ಎತ್ತರ

ಹಿಚ್‌ನ ಸಾಮರ್ಥ್ಯ ಟ್ರೇಲರ್‌ನ ಗರಿಷ್ಠ ತೂಕಕ್ಕಿಂತ ಹೆಚ್ಚಿರಬೇಕು. ಹೊಸ ಹೆವಿ ಡ್ಯೂಟಿ ಪಿಕಪ್‌ಗಳ ಬೆಡ್‌ನಲ್ಲಿ ಹಿಚ್ ಕೂರಿಸಲು ಕಾರ್ಖಾನೆಯಲ್ಲಿಯೇ ಚೌಕಟ್ಟಿಗೆ ಬಿಗಿದ ಕುಳಿಗಳು ಸಿಗುತ್ತವೆ; ಹಳೆಯವುಗಳಲ್ಲಿ ಬೆಡ್ ಕೊರೆದು ಕಂಬಿಗಳನ್ನು ಬಿಗಿಯಬೇಕಾಗುತ್ತದೆ. ಹೊಸದಾಗಿ ಕೊಳ್ಳುವವರು ಕಾರ್ಖಾನೆಯ ಸಿದ್ಧತೆ ಇರುವ ಪಿಕಪ್ ಅನ್ನೇ ಆರಿಸಿಕೊಳ್ಳುವುದು ಮೇಲು.

8 ಅಡಿಯ ಬೆಡ್ ಇದ್ದರೆ ಚಿಂತೆಯಿಲ್ಲ. ಆರೂವರೆ ಅಡಿಯ ಅಥವಾ ಅದಕ್ಕಿಂತ ಚಿಕ್ಕ ಬೆಡ್ ಇದ್ದರೆ ಕಡಿದಾದ ತಿರುವಿನಲ್ಲಿ ಟ್ರೇಲರ್‌ನ ಮೂಲೆ ಕ್ಯಾಬಿನ್‌ನ ಹಿಂದಿನ ಗಾಜಿಗೆ ಬಡಿಯುವ ಅಪಾಯವಿದೆ. ಅಂಥವರು ನಿಧಾನವಾಗಿ ತಿರುಗಿಸುವಾಗ ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ ಬಳಸಬೇಕು. ಇಲ್ಲವಾದರೆ ತೆರೆದ ಮೈದಾನದಲ್ಲಿ ಒಬ್ಬರನ್ನು ಹೊರಗೆ ನಿಲ್ಲಿಸಿಕೊಂಡು, ಒಂದೊಂದೇ ಅಡಿ ಸರಿಸುತ್ತ, ಎಷ್ಟು ಕೋನದವರೆಗೆ ಸುರಕ್ಷಿತ ಎಂಬುದನ್ನು ಕಂಡುಕೊಂಡಿರಬೇಕು.

ಹಿಚ್‌ನ ಎತ್ತರ ಹೊಂದಿಸುವಾಗ ಎರಡು ಬೇಡಿಕೆಗಳು ಒಂದಕ್ಕೊಂದು ಎದುರಾಗುತ್ತವೆ. ಟ್ರೇಲರ್ ನೆಲಕ್ಕೆ ಸಮಾಂತರವಾಗಿ ನಿಲ್ಲಬೇಕು; ಮೂಗು ಮೇಲೆತ್ತಿ ನಿಂತರೆ ಟ್ರೇಲರ್‌ನ ಹಿಂದಿನ ಆಕ್ಸಲ್‌ಗೆ ಹೆಚ್ಚಿನ ಭಾರ ಬಿದ್ದು ಅದರ ಟೈರ್‌ಗಳು ಬೇಗ ಕಾಯುತ್ತವೆ. ಅದೇ ಹೊತ್ತಿಗೆ ಪಿಕಪ್‌ನ ಬೆಡ್‌ನ ಅಂಚಿಗೂ ಟ್ರೇಲರ್‌ನ ತಳಕ್ಕೂ ನಡುವೆ ಕನಿಷ್ಠ 6 ಇಂಚಿನಷ್ಟು ಅಂತರ ಇರಬೇಕು. ಇಲ್ಲದಿದ್ದರೆ ಹಳ್ಳ ಇಳಿದು ಏರುವಾಗ ಬೆಡ್ ಜಜ್ಜಿಹೋಗುತ್ತದೆ. ಇಂದಿನ ನಾಲ್ಕು ಗಾಲಿ ಚಾಲನೆಯ ಪಿಕಪ್‌ಗಳು ತುಂಬಾ ಎತ್ತರವಾಗಿರುವುದರಿಂದ ಎರಡೂ ಪೂರ್ತಿ ಕೈಗೂಡದೆ ಹೋಗಬಹುದು. ಆಗ ಅಂತರವನ್ನು ಬಿಟ್ಟುಕೊಡದೆ, ಮೂಗು ಒಂದೆರಡು ಇಂಚು ಮೇಲಿರುವುದನ್ನು ಒಪ್ಪಿಕೊಳ್ಳಬೇಕು.

ಜೋಡಿಸುವ ಕ್ರಮ

ಸಮತಟ್ಟು ಜಾಗದಲ್ಲಿ, ಅವಸರವಿಲ್ಲದೆ, ನಡುವೆ ಯಾರೊಂದಿಗೂ ಮಾತಿಗೆ ಇಳಿಯದೆ ಮಾಡಬೇಕಾದ ಕೆಲಸ ಇದು. ಅರ್ಧಕ್ಕೆ ಯಾರಾದರೂ ಕರೆದರೆ, ಮರಳಿ ಬಂದು ಮೊದಲಿನಿಂದ ಪ್ರಾರಂಭಿಸಿ.

ಮೊದಲು ಟ್ರೇಲರ್‌ನ ಗಾಲಿಗಳ ಹಿಂದೆ ಮುಂದೆ ರಬ್ಬರ್ ತಡೆಗಳನ್ನು ಒಡ್ಡಬೇಕು. ಪಿಕಪ್‌ನ ಟೇಲ್‌ಗೇಟ್ ಇಳಿಸಿ, ಹಿಚ್‌ನ ಹಿಡಿಯನ್ನು ಎಳೆದು ದವಡೆಗಳನ್ನು ತೆರೆಯಬೇಕು. ಬಿಚ್ಚಿ ನಿಲ್ಲಿಸಿದಾಗ ಟ್ರೇಲರ್‌ನ ಮುಂಭಾಗವನ್ನು ಹೊರುವ ಮುಂಗಾಲುಗಳನ್ನು ಏರಿಳಿಸಿ, ಕಿಂಗ್‌ಪಿನ್ ಸುತ್ತಲಿನ ತಟ್ಟೆಯ ತಳವು ಹಿಚ್‌ನ ತಟ್ಟೆಗಿಂತ ಅರ್ಧ ಇಂಚಿನಷ್ಟು ಕೆಳಗಿರುವಂತೆ ಹೊಂದಿಸಬೇಕು. ಹಾಗಿದ್ದರೆ ಹಿಂದಕ್ಕೆ ಸರಿಯುವ ಹಿಚ್‌ನ ಇಳಿಜಾರಾದ ತುದಿ ಟ್ರೇಲರ್‌ನ ಮೂಗನ್ನು ಸ್ವಲ್ಪ ಎತ್ತಿಕೊಂಡೇ ಒಳಗೆ ಸೇರುತ್ತದೆ. ಟ್ರೇಲರ್ ಹೆಚ್ಚು ಎತ್ತರದಲ್ಲಿದ್ದರೆ ಕಿಂಗ್‌ಪಿನ್ ದವಡೆಗಳ ನಡುವೆ ಇಳಿಯದೆ ಅವುಗಳ ಮೇಲಂಚಿನಲ್ಲಿ ಕುಳಿತುಬಿಡುತ್ತದೆ. ದೂರದಿಂದ ನೋಡಿದರೆ ಸರಿಯಾಗಿ ಜೋಡಣೆಯಾದಂತೆಯೇ ಕಾಣುತ್ತದೆ. ಟ್ರೇಲರ್ ಬೆಡ್‌ನ ಅಂಚುಗಳ ಮೇಲೆ ಬಿದ್ದು ಪಿಕಪ್ ಜಜ್ಜಿಹೋಗುವ ಅವಘಡಗಳಿಗೆ ಹೀಗೆ ಪೂರ್ತಿ ಹಿಡಿಯದ ದವಡೆಗಳೇ ದೊಡ್ಡ ಕಾರಣ.

ಪಿಕಪ್ ಅನ್ನು ನೇರವಾಗಿ ಹಿಂದಕ್ಕೆ ತಂದಾಗ ದವಡೆಗಳು ಠಪ್ಪೆಂದು ಮುಚ್ಚಿದ ಸದ್ದು ಕೇಳುತ್ತದೆ, ಹಿಡಿ ತಾನಾಗಿ ಒಳಸರಿಯುತ್ತದೆ. ಆ ಸದ್ದನ್ನೂ ಹಿಡಿಯನ್ನೂ ಮಾತ್ರ ನಂಬಬಾರದು. ಇಳಿದು ಬಂದು, ಟಾರ್ಚ್ ಹಿಡಿದು, ಟೇಲ್‌ಗೇಟ್ ಕಡೆಯಿಂದ ಬಗ್ಗಿ ನೋಡಿ. ಎರಡು ತಟ್ಟೆಗಳ ನಡುವೆ ಬೆಳಕು ಹಾಯಬಾರದು. ದವಡೆಗಳು ಕಿಂಗ್‌ಪಿನ್‌ನ ಕಿರಿದಾದ ಕೊರಳನ್ನು ಸುತ್ತಿ ಹಿಡಿದಿರಬೇಕು, ಅದರ ದಪ್ಪನೆಯ ಕೆಳತುದಿಯನ್ನಲ್ಲ. ಅದು ಕಣ್ಣಿಗೆ ಖಚಿತವಾದ ಮೇಲೆ ಹಿಡಿಗೆ ಸುರಕ್ಷತಾ ಪಿನ್ ಹಾಕಿ.

ಈಗ ಏಳು ಪಿನ್‌ಗಳ ವಿದ್ಯುತ್ ತಂತಿಯನ್ನು ಸಿಕ್ಕಿಸಿ, ತುರ್ತು ಬ್ರೇಕ್‌ನ ತೆಳು ಉಕ್ಕಿನ ಹಗ್ಗವನ್ನು ಕಟ್ಟಬೇಕು. ಟ್ರೇಲರ್ ಕಳಚಿಕೊಂಡರೆ ಈ ಹಗ್ಗ ಸೆಳೆದು ಸ್ವಿಚ್‌ನ ಪಿನ್ ಅನ್ನು ಕಿತ್ತು, ಟ್ರೇಲರ್‌ನ ಸ್ವಂತ ಬ್ಯಾಟರಿಯಿಂದ ಅದರ ಬ್ರೇಕ್ ಹಿಡಿಸುತ್ತದೆ. ಹಗ್ಗವನ್ನು ಪಿಕಪ್‌ಗೇ ಕಟ್ಟಬೇಕು, ಹಿಚ್‌ಗೆ ಕಟ್ಟಬಾರದು. ಹಿಚ್ ಬುಡಸಮೇತ ಕಿತ್ತು ಬಂದರೆ ಅದಕ್ಕೆ ಕಟ್ಟಿದ ಹಗ್ಗ ಟ್ರೇಲರ್ ಜೊತೆಯಲ್ಲೇ ಹೋಗುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ.

ಕೊನೆಯದು ಎಳೆದು ನೋಡುವ ಪರೀಕ್ಷೆ. ಮುಂಗಾಲುಗಳನ್ನು ನೆಲದಿಂದ ಒಂದೆರಡು ಇಂಚು ಮಾತ್ರ ಎತ್ತಿ, ಗಾಲಿಗಳ ತಡೆಗಳನ್ನು ಹಾಗೆಯೇ ಬಿಟ್ಟು, ಪಿಕಪ್ ಒಳಗಿನ ಬ್ರೇಕ್ ಕಂಟ್ರೋಲರ್‌ನ ಹಿಡಿಯನ್ನು ಕೈಯಿಂದ ಒತ್ತಿ ಟ್ರೇಲರ್ ಬ್ರೇಕ್ ಹಿಡಿಸಿ, ಗೇರ್ ಹಾಕಿ ಮೆಲ್ಲಗೆ ಮುಂದಕ್ಕೆ ಜಗ್ಗಿ. ಜೋಡಣೆ ಹಿಡಿಯದಿದ್ದರೆ ಇಲ್ಲಿಯೇ ತಿಳಿಯುತ್ತದೆ, ಟ್ರೇಲರ್ ಒಂದೆರಡು ಇಂಚು ಇಳಿದು ತನ್ನ ಕಾಲಿನ ಮೇಲೆ ನಿಲ್ಲುತ್ತದೆ. ಪರೀಕ್ಷೆ ದಾಟಿದ ಮೇಲೆ ಕಾಲುಗಳನ್ನು ಪೂರ್ತಿ ಎತ್ತಿ, ತಡೆಗಳನ್ನು ತೆಗೆದು, ಟೇಲ್‌ಗೇಟ್ ಮುಚ್ಚಿ, ದೀಪಗಳನ್ನು ನೋಡಿ ಹೊರಡಬಹುದು.

ಟೈರ್ ಮತ್ತು ಬ್ರೇಕ್

ಟ್ರೇಲರ್ ಟೈರ್‌ಗಳ ಗಾಳಿಯ ಒತ್ತಡವನ್ನು ಬೆಳಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಬಿಸಿಯಾದ ಟೈರ್‌ನಲ್ಲಿ ಒತ್ತಡ ಏರಿರುವುದು ಸಹಜ, ಅದನ್ನು ಕಂಡು ಗಾಳಿ ಬಿಡಬಾರದು. ಎಸ್‌ಟಿ ಎಂಬ ಗುರುತಿನ ಟ್ರೇಲರ್ ಟೈರ್‌ಗಳಲ್ಲಿ ಹಲವಕ್ಕೆ ವೇಗದ ಮಿತಿ ಗಂಟೆಗೆ 65 ಮೈಲಿ. ಪಕ್ಕದಲ್ಲಿ ಬೇರೆ ಸಂಕೇತ ಅಚ್ಚಾಗಿರದಿದ್ದರೆ ಅದನ್ನೇ ಮಿತಿಯೆಂದು ತಿಳಿಯಿರಿ. ಟೈರ್ ಪಕ್ಕದ ಡಿಒಟಿ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2321 ಎಂದಿದ್ದರೆ ಅದು 2021ರ 23ನೇ ವಾರದ್ದು. ವರ್ಷದ ಬಹುಭಾಗ ನಿಂತೇ ಇರುವ ಟ್ರೇಲರ್‌ನ ಟೈರ್ ಸವೆದು ಹಾಳಾಗುವುದಕ್ಕಿಂತ ಮುಪ್ಪಿನಿಂದ ಹಾಳಾಗುವುದೇ ಹೆಚ್ಚು. ಮೇಲ್ಮೈ ಹೊಸದರಂತೆ ಕಂಡರೂ ಐದಾರು ವರ್ಷ ದಾಟಿದ ಟ್ರೇಲರ್ ಟೈರ್‌ಗಳನ್ನು ಬದಲಿಸುವುದು ಒಳ್ಳೆಯದು. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 50 ಮೈಲಿಯೊಳಗೆ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿದು ನೋಡಬೇಕು.

ಬ್ರೇಕ್ ಕಂಟ್ರೋಲರ್ ಹೊಂದಿಸುವುದು ಪ್ರತಿ ಪ್ರಯಾಣದ ಪ್ರಾರಂಭದಲ್ಲಿ ಮಾಡಬೇಕಾದ ಕೆಲಸ. ವಾಹನಗಳಿಲ್ಲದ, ಒಣಗಿದ, ಮಟ್ಟದ ರಸ್ತೆಯಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿರುವಾಗ ಕಂಟ್ರೋಲರ್‌ನ ಹಿಡಿಯನ್ನು ಮಾತ್ರ ಪೂರ್ತಿ ಒತ್ತಿ. ಟ್ರೇಲರ್ ಹಿಂದಿನಿಂದ ಗಟ್ಟಿಯಾಗಿ ಹಿಡಿದೆಳೆದಂತೆ ಆಗಬೇಕು, ಆದರೆ ಅದರ ಗಾಲಿಗಳು ಜಾರಬಾರದು. ಗಾಲಿ ನಿಂತು ಟೈರ್ ಉಜ್ಜಿದರೆ ಗೇನ್ (ಟ್ರೇಲರ್ ಬ್ರೇಕ್‌ಗೆ ಕೊಡುವ ಬಲದ ಪ್ರಮಾಣ) ಇಳಿಸಿ, ಹಿಡಿತ ಸಾಲದಿದ್ದರೆ ಏರಿಸಿ. ವಿದ್ಯುತ್ ಬ್ರೇಕ್‌ಗಳು ಕೆಲವು ಸಲ ಹಿಡಿದು ಬೆಚ್ಚಗಾದ ಮೇಲೆಯೇ ಪೂರ್ತಿ ಕೆಲಸ ಮಾಡುತ್ತವೆ, ಆದ್ದರಿಂದ ಒಂದೆರಡು ಮೈಲಿ ಓಡಿದ ಮೇಲೆ ಮತ್ತೊಮ್ಮೆ ನೋಡಿ ಅಂತಿಮಗೊಳಿಸಿ.

ಏರು ಮತ್ತು ಇಳಿಜಾರು

ಏರುವುದು ಸುಲಭ. ಗೇರ್ ಬದಲಾವಣೆಯನ್ನು ಹೊರೆಗೆ ಹೊಂದಿಸುವ ಟೋ/ಹಾಲ್ ಎಂಬ ಗುಂಡಿ ಒತ್ತಿ, ಟ್ರಾನ್ಸ್‌ಮಿಷನ್‌ನ ಮತ್ತು ಕೂಲೆಂಟ್‌ನ ತಾಪ ನೋಡುತ್ತ, ಬಲಗಡೆಯ ಸಾಲಿನಲ್ಲಿ ಸಾಗಿದರೆ ಸಾಕು. ಟರ್ಬೊ ಇರುವುದರಿಂದ ಎತ್ತರದ ಪ್ರದೇಶಗಳಲ್ಲಿಯೂ ಡೀಸೆಲ್ ಎಂಜಿನ್ ಹೆಚ್ಚು ಸೊರಗುವುದಿಲ್ಲ. ದೀರ್ಘ ಏರು ಮುಗಿಸಿ ನಿಂತಾಗ ಎಂಜಿನ್ ಅನ್ನು ತಕ್ಷಣ ಆರಿಸದೆ ಒಂದೆರಡು ನಿಮಿಷ ಹಾಗೆಯೇ ಓಡಲು ಬಿಡಿ, ಕಾದ ಟರ್ಬೊ ಅಷ್ಟರಲ್ಲಿ ತಣಿಯುತ್ತದೆ.

ಚಾಲಕನ ಪರೀಕ್ಷೆ ಇರುವುದು ಇಳಿಜಾರಿನಲ್ಲಿ. ಕೊಲೊರಾಡೊದ ಅಂತರರಾಜ್ಯ ಹೆದ್ದಾರಿ 70ರಲ್ಲಿ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಇಳಿಯುವ ದಾರಿಯ ಇಳಿಜಾರು ಸುಮಾರು 7 ಶೇಕಡಾ. ಇಂಥಲ್ಲಿ 20,000 ಪೌಂಡ್ ಮೀರಿದ ಜೋಡಿಯನ್ನು ಬರೀ ಕಾಲಿನ ಬ್ರೇಕ್‌ನಿಂದ ಹಿಡಿದುಕೊಂಡೇ ಇಳಿದರೆ ಬ್ರೇಕ್ ಕಾದು, ಹಿಡಿತ ಕುಂದಿ, ಕೊನೆಗೆ ಕೈಕೊಡುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್‌ನಂತೆ ಗಾಳಿಯನ್ನು ತಡೆಯುವ ಥ್ರಾಟಲ್‌ನ ಹಿಡಿತ ಇರುವುದಿಲ್ಲವಾದ್ದರಿಂದ ಪೆಡಲ್ ಬಿಟ್ಟ ಮಾತ್ರಕ್ಕೆ ವಾಹನ ನಿಧಾನವಾಗುವುದಿಲ್ಲ. ಆ ಕೊರತೆಯನ್ನು ತುಂಬುವುದೇ ಎಕ್ಸಾಸ್ಟ್ ಬ್ರೇಕ್. ಅದು ಟರ್ಬೊದೊಳಗಿನ ಚಲಿಸುವ ರೆಕ್ಕೆಗಳನ್ನು ಬಿಗಿಗೊಳಿಸಿ ಹೊಗೆಯ ದಾರಿಯನ್ನು ಕಿರಿದುಗೊಳಿಸುತ್ತದೆ, ಹೊರಹೋಗದ ಅನಿಲದ ಎದುರೊತ್ತಡದಿಂದ ಎಂಜಿನ್ ತಾನೇ ವಾಹನವನ್ನು ಹಿಡಿದುಕೊಳ್ಳುತ್ತದೆ.

ಇಳಿಜಾರು ಶುರುವಾಗುವ ಮೊದಲೇ ವೇಗವನ್ನು ತಗ್ಗಿಸಿ, ಕೆಳಗಿನ ಗೇರ್ ಮತ್ತು ಎಕ್ಸಾಸ್ಟ್ ಬ್ರೇಕ್ ಎರಡನ್ನೂ ಹಾಕಿಕೊಳ್ಳಿ. ಯಾವ ವೇಗದಲ್ಲಿ ಇಳಿಯಬೇಕು ಎಂಬುದನ್ನು ನೆತ್ತಿಯಲ್ಲಿಯೇ ನಿರ್ಧರಿಸಬೇಕು; ಇಳಿಯುತ್ತ ನಿರ್ಧರಿಸಲು ಹೋದರೆ ವೇಗ ಅಷ್ಟರಲ್ಲಿ ಕೈಮೀರಿರುತ್ತದೆ. ಅಷ್ಟಾದರೂ ವೇಗ ಏರುತ್ತ ಹೋದರೆ ಕಾಲಿನ ಬ್ರೇಕ್ ಅನ್ನು ಗಟ್ಟಿಯಾಗಿ ಒತ್ತಿ, ನಿರ್ಧರಿಸಿದ ವೇಗಕ್ಕಿಂತ 5 ಮೈಲಿ ಕೆಳಗೆ ಇಳಿಸಿ ಪೂರ್ತಿ ಬಿಟ್ಟುಬಿಡಿ. ಮತ್ತೆ ಏರಿದಾಗ ಮತ್ತೆ ಹಾಗೆಯೇ ಮಾಡಿ. ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಇಳಿಯುವುದರಿಂದ ಅದಕ್ಕೆ ತಣಿಯಲು ಬಿಡುವೇ ಸಿಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಎಕ್ಸಾಸ್ಟ್ ಬ್ರೇಕ್ ಹಿಡಿಯುವುದು ಪಿಕಪ್‌ನ ಚಾಲನೆಯ ಗಾಲಿಗಳನ್ನು ಮಾತ್ರ. ಅದು ಕೆಲಸ ಮಾಡುವಾಗ ಟ್ರೇಲರ್‌ನ ಬ್ರೇಕ್ ಹಿಡಿದಿರುವುದಿಲ್ಲ, ಹಿಂದಿನ ಇಡೀ ಭಾರ ಪಿಕಪ್ ಅನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಒಣರಸ್ತೆಯಲ್ಲಿ ಇದರಿಂದ ತೊಂದರೆಯಿಲ್ಲ. ಮಂಜುಗಟ್ಟಿದ ಅಥವಾ ಮಳೆಗೆ ಜಾರುವ ರಸ್ತೆಯಲ್ಲಿ ಹಿಂಗಾಲಿ ಜಾರಿದರೆ ಪಿಕಪ್ ಮತ್ತು ಟ್ರೇಲರ್ ಕತ್ತರಿಯಂತೆ ಮಡಚಿಕೊಳ್ಳಬಹುದು. ಅಲ್ಲಿ ಎಕ್ಸಾಸ್ಟ್ ಬ್ರೇಕ್ ಆರಿಸಿ, ಇನ್ನೂ ನಿಧಾನವಾಗಿ, ಎಲ್ಲ ಗಾಲಿಗಳೂ ಹಿಡಿಯುವ ಕಾಲಿನ ಬ್ರೇಕ್‌ನಿಂದಲೇ ಇಳಿಯಬೇಕು.

ದಾರಿಯಲ್ಲಿ

ಫಿಫ್ತ್ ವೀಲ್ ತಿರುಗುವ ಕೇಂದ್ರ ಪಿಕಪ್‌ನ ಆಕ್ಸಲ್ ಮೇಲೆಯೇ ಇರುವುದರಿಂದ ತಿರುವಿನಲ್ಲಿ ಟ್ರೇಲರ್ ಬಹಳ ಒಳಗೆ ಕತ್ತರಿಸಿಕೊಂಡು ಬರುತ್ತದೆ. ವೃತ್ತದಲ್ಲಿ ಬಲಕ್ಕೆ ತಿರುಗುವಾಗ ಸಾಧಾರಣಕ್ಕಿಂತ ಹೆಚ್ಚು ಮುಂದೆ ಹೋಗಿ ಆಮೇಲೆ ತಿರುಗಿಸಿ, ಟ್ರೇಲರ್‌ನ ಗಾಲಿ ಮೂಲೆಗಲ್ಲನ್ನು ದಾಟುವವರೆಗೂ ಕನ್ನಡಿಯಿಂದ ಕಣ್ಣು ತೆಗೆಯಬೇಡಿ.

ಹಲವು ಫಿಫ್ತ್ ವೀಲ್‌ಗಳ ಎತ್ತರ 13 ಅಡಿ ದಾಟುತ್ತದೆ. ನೆಲದಿಂದ ಛಾವಣಿಯ ಏರ್ ಕಂಡಿಷನರ್‌ನ ತುದಿಯವರೆಗೆ ನೀವೇ ಅಳೆದು, ಆ ಅಂಕಿಯನ್ನು ಚಾಲಕನ ಕಣ್ಣೆದುರು ಅಂಟಿಸಿ. ಕಾರಿಗೆ ದಾರಿ ತೋರಿಸುವ ಫೋನಿನ ನಕ್ಷೆಗೆ ನಿಮ್ಮ ಎತ್ತರ ತಿಳಿದಿರುವುದಿಲ್ಲ. ನ್ಯೂಯಾರ್ಕ್‌ನ ಪಾರ್ಕ್‌ವೇಗಳ ಸೇತುವೆಗಳು ತಗ್ಗಾಗಿರುವುದರಿಂದ ಅಲ್ಲಿಗೆ ಇಂಥ ವಾಹನಗಳು ಹೋಗುವಂತಿಲ್ಲ. ಪ್ರೋಪೇನ್ ಸಿಲಿಂಡರ್ ಒಯ್ಯುವವರಿಗೆ ಬಾಲ್ಟಿಮೋರ್ ಬಂದರಿನ ಕೆಳಗಿನ ಸುರಂಗಗಳಲ್ಲಿ ಪ್ರವೇಶವಿಲ್ಲ. ಎತ್ತರ, ತೂಕ ನಮೂದಿಸಬಹುದಾದ ದಾರಿಸೂಚಕವನ್ನು ಬಳಸಿದರೆ ಇವೆಲ್ಲ ಮೊದಲೇ ತಿಳಿಯುತ್ತವೆ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನದ ವೇಗದ ಮಿತಿ ಗಂಟೆಗೆ 55 ಮೈಲಿ. ಅಲ್ಲಿ 10,000 ಪೌಂಡ್ ಮೀರಿದ ಫಿಫ್ತ್ ವೀಲ್‌ಗೆ ಪರವಾನಗಿಯಲ್ಲಿ ವಿಶೇಷ ಅನುಮತಿ ಬೇಕು, 15,000 ಮೀರಿದರೆ ವಾಣಿಜ್ಯೇತರ ಎ ವರ್ಗದ ಪರವಾನಗಿಯೇ ಬೇಕು. ಹೊರಡುವ ಮುನ್ನ ನಿಮ್ಮ ಪರವಾನಗಿ ಕೊಟ್ಟ ರಾಜ್ಯದ ನಿಯಮ ಓದಿಕೊಳ್ಳಿ.

ಹೊರೆ ಹೆಚ್ಚಿದಷ್ಟೂ, ಡೀಸೆಲ್ ಹೊಗೆಯನ್ನು ಶುದ್ಧಗೊಳಿಸಲು ಬಳಸುವ ಡಿಇಎಫ್ ದ್ರವ ಬೇಗ ಖರ್ಚಾಗುತ್ತದೆ. ಅದು ಪೂರ್ತಿ ಬರಿದಾದರೆ ಎಂಜಿನ್ ತಾನಾಗಿ ವೇಗವನ್ನು ಕುಗ್ಗಿಸುತ್ತದೆ, ಆದುದರಿಂದ ಅರ್ಧಕ್ಕೆ ಬಂದಾಗಲೇ ತುಂಬಿಸುವುದು ಒಳ್ಳೆಯದು. ಇಂಧನ ತುಂಬಿಸುವಾಗ ನಳಿಕೆಯ ಬಣ್ಣ ನೋಡಿ ಹಿಡಿಯಬೇಡಿ. ಡೀಸೆಲ್ ನಳಿಕೆ ಹಸಿರಾಗಿರುವುದು ಅಮೆರಿಕದಲ್ಲಿ ಸಾಮಾನ್ಯವಾದರೂ ಕೆಲವು ಕಂಪನಿಗಳ ಬಂಕ್‌ಗಳಲ್ಲಿ ಪೆಟ್ರೋಲ್ ನಳಿಕೆಯೇ ಹಸಿರು. ಪೆಟ್ರೋಲ್ ಬಿದ್ದರೆ ಅಧಿಕ ಒತ್ತಡದ ಇಂಧನ ಪಂಪ್ ಹಾಳಾಗಿ ರಿಪೇರಿಯ ಖರ್ಚು ಬಹಳ ದೊಡ್ಡದಾಗುತ್ತದೆ. ಪ್ರತಿ ನಿಲುಗಡೆಯಲ್ಲಿ ಟ್ರೇಲರ್‌ನ ಸುತ್ತ ಒಂದು ಸುತ್ತು ಬಂದು ಪ್ರತಿ ಚಕ್ರದ ನಡುಭಾಗದ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಉಳಿದವುಗಳಿಗಿಂತ ಎದ್ದುಕಾಣುವಷ್ಟು ಬಿಸಿಯಿದ್ದರೆ ಬೇರಿಂಗ್ ಒಣಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ, ಅದನ್ನು ನೋಡಿಸದೆ ಮುಂದೆ ಹೋಗಬಾರದು.

ಹಿಂದಕ್ಕೆ ಸರಿಸುವುದು, ಬಿಚ್ಚುವುದು

ಹಿಂದಕ್ಕೆ ಸರಿಸುವಾಗ ಸ್ಟಿಯರಿಂಗ್‌ನ ಕೆಳತುದಿಯಲ್ಲಿ ಕೈ ಇಟ್ಟುಕೊಳ್ಳಿ. ಟ್ರೇಲರ್‌ನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿದರಾಯಿತು. ಫಿಫ್ತ್ ವೀಲ್ ತಡವಾಗಿ ತಿರುಗಲು ಶುರುಮಾಡುತ್ತದೆ, ಶುರುವಾದ ಮೇಲೆ ಬೇಗ ಮಡಚಿಕೊಳ್ಳುತ್ತದೆ. ಆದ್ದರಿಂದ ಸ್ಟಿಯರಿಂಗ್ ತಿರುಗಿಸಿ, ಕಾದು, ಪ್ರತಿಕ್ರಿಯೆ ಕಂಡ ಮೇಲೆ ಸರಿಪಡಿಸಬೇಕು. ಸಾಧ್ಯವಾದಾಗಲೆಲ್ಲ ಚಾಲಕನ ಕಿಟಕಿಯಿಂದ ಕಾಣುವ ಬದಿಗೆ ತಿರುಗುವ ಜಾಗ ಆರಿಸಿಕೊಳ್ಳಿ. ಹೊರಗೆ ನಿಂತು ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣದೆ ಹೋದ ಕ್ಷಣ ವಾಹನ ನಿಲ್ಲಬೇಕು ಎಂದು ಮೊದಲೇ ಮಾತಾಡಿಕೊಂಡಿರಿ. ಅನುಮಾನ ಬಂದರೆ ಇಳಿದು ನೋಡಿ. ಮೇಲಿನ ಮರದ ಕೊಂಬೆಯನ್ನೂ ಮರೆಯದೆ ನೋಡಿ.

ಬಿಚ್ಚುವಾಗ ಮೊದಲ ಕೆಲಸ ಗಾಲಿಗಳಿಗೆ ತಡೆ ಒಡ್ಡುವುದು, ಅದಕ್ಕೂ ಮೊದಲು ಬೇರೆ ಯಾವುದನ್ನೂ ಮುಟ್ಟಬಾರದು. ಟೇಲ್‌ಗೇಟ್ ಇಳಿಸಿ. ಮುಂಗಾಲುಗಳ ಕೆಳಗೆ ಗಟ್ಟಿ ಹಲಗೆ ಇಟ್ಟು, ಅವು ಭಾರ ಹೊತ್ತು ಪಿಕಪ್‌ನ ಹಿಂಭಾಗ ಕೊಂಚ ಮೇಲೇಳುವವರೆಗೆ ಇಳಿಸಿ. ಕಿಂಗ್‌ಪಿನ್ ತೂಗುವಷ್ಟು ಎತ್ತಬೇಡಿ. ವಿದ್ಯುತ್ ತಂತಿ ಮತ್ತು ತುರ್ತು ಬ್ರೇಕ್‌ನ ಹಗ್ಗ ಬಿಚ್ಚಿ, ಹಿಚ್‌ನ ಹಿಡಿ ಎಳೆಯಿರಿ. ಹಿಡಿ ಬರದಿದ್ದರೆ ಸುತ್ತಿಗೆಯಿಂದ ಹೊಡೆಯಬಾರದು. ದವಡೆಯ ಮೇಲೆ ಒತ್ತಡ ಉಳಿದಿರುತ್ತದೆ. ಪಿಕಪ್ ಅನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದು ಬ್ರೇಕ್ ಹಿಡಿದು ನಿಲ್ಲಿಸಿದರೆ ಅದು ಸಡಿಲವಾಗುತ್ತದೆ. ಟ್ರೇಲರ್‌ನ ಮಟ್ಟ ಹೊಂದಿಸುವ ಯಂತ್ರಕ್ಕೆ ಆಗಿನ ಎತ್ತರವನ್ನು ನೆನಪಿಡುವ ವ್ಯವಸ್ಥೆ ಇದ್ದರೆ ಅದನ್ನೂ ದಾಖಲಿಸಿಕೊಳ್ಳಿ, ಮುಂದಿನ ಜೋಡಣೆಗೆ ಬೇಕಾಗುವ ಎತ್ತರ ಅದೇ. ಆಮೇಲೆ ಪಿಕಪ್ ಅನ್ನು ಒಂದೇ ಸಲಕ್ಕೆ ಹೊರತೆಗೆಯದೆ, ಕಿಂಗ್‌ಪಿನ್ ದವಡೆಯಿಂದ ಹೊರಬಂದರೂ ಹಿಚ್‌ನ ತಟ್ಟೆಯ ಹಿಂತುದಿ ಇನ್ನೂ ಟ್ರೇಲರ್‌ನ ತಳದಲ್ಲಿಯೇ ಇರುವಂತೆ ಒಂದಡಿಯಷ್ಟು ಮಾತ್ರ ಮುಂದೆ ತಂದು ನಿಲ್ಲಿಸಿ. ಇಳಿದು ಮುಂಗಾಲುಗಳನ್ನು ನೋಡಿ. ಹಲಗೆ ಮಣ್ಣಿನಲ್ಲಿ ಕುಸಿಯದೆ, ಕಾಲು ವಾಲದೆ, ಟ್ರೇಲರ್ ಕದಲದೆ ನಿಂತಿರುವುದು ಖಚಿತವಾದ ಮೇಲೆ ಪಿಕಪ್ ಅನ್ನು ಪೂರ್ತಿ ಹೊರತೆಗೆದು ಟೇಲ್‌ಗೇಟ್ ಮುಚ್ಚಿ.